ಏಳು ಮಕ್ಕಳ ಎಲಿಜಬೆತ್ ಬರೆಯುತ್ತಿದ್ದದ್ದು ಯಾವಾಗ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಮೆರಿಕದಲ್ಲಿ ಹೆಂಗಸರಿಗೆ ಮತದ ಹಕ್ಕು ಬೇಕೆಂದು ಮೊದಲು ದನಿ ಎತ್ತಿದವರಲ್ಲಿ ಒಬ್ಬಳಾದ ಎಲಿಜಬೆತ್ ಕೇಡಿ ಸ್ಟ್ಯಾಂಟನ್‌ಗೆ ಏಳು ಮಕ್ಕಳಿದ್ದರು ಎಂದು ಓದಿದೆ. ಅದರ ಬಗ್ಗೆ ಇದ್ದದ್ದು ಒಂದೇ ಸಾಲು! ನನಗಿರುವುದು ಎರಡು ಮಕ್ಕಳು. ಪೇಪರ್ ತಿದ್ದಲು ಕೂರುವುದೇ ರಾತ್ರಿ ಹತ್ತರ ಮೇಲೆ. ಏಳು ಮಕ್ಕಳನ್ನು ಇಟ್ಟುಕೊಂಡು ಆಕೆ ಬರೆದದ್ದು ಯಾವಾಗ? ಬಾಣಂತನ ಯಾರು ಮಾಡುತ್ತಿದ್ದರು? ಗಂಡ ಏನು ಮಾಡುತ್ತಿದ್ದ? ಆಗಿನ ಅಮೆರಿಕದ ಅಮ್ಮಂದಿರೆಲ್ಲ ಹೀಗೇ ಇದ್ದರಾ?

ಉತ್ತರ: ಮೇಡಂ, ಆ ಒಂದು ಸಾಲು ನನ್ನನ್ನೂ ತುಂಬಾ ದಿನ ಕಾಡಿದೆ. ಚರಿತ್ರೆ ಬರೆಯುವವರಿಗೆ ಭಾಷಣದ ತಾರೀಕು ಬೇಕು, ಅವತ್ತು ಮನೆಯಲ್ಲಿ ಕೂಸನ್ನು ಯಾರು ಎತ್ತಿಕೊಂಡಿದ್ದರು ಅನ್ನುವುದು ಬೇಡ. ಎಲಿಜಬೆತ್ ವಿಷಯದಲ್ಲಿ ಅದೂ ಗೊತ್ತಿದೆ. ಆಕೆ ಪತ್ರಗಳಲ್ಲಿ, ಆತ್ಮಕಥೆಯಲ್ಲಿ ಮನೆಯ ಮಾತನ್ನು ಮುಚ್ಚಿಡದೆ ಬರೆದಿದ್ದಾಳೆ. ಸ್ವಲ್ಪ ಜಂಬದಿಂದಲೂ ಬರೆದಿದ್ದಾಳೆ, ಅದನ್ನು ನೆನಪಿಟ್ಟುಕೊಂಡೇ ಓದಬೇಕು.

ಚಿಕ್ಕ ಉತ್ತರ ಬೇಕಿದ್ದರೆ ಇಷ್ಟು. ಆಕೆ ಒಬ್ಬಳೇ ಎಲ್ಲ ಮಾಡಲಿಲ್ಲ. ಒಬ್ಬಳೇ ಮಾಡಬೇಕಾಗಿ ಬಂದಾಗ ಬರೆಯಲೂ ಆಗಲಿಲ್ಲ. ಬರೆದದ್ದು ಇನ್ನೊಬ್ಬ ಹೆಂಗಸು ಕೂಸನ್ನು ಎತ್ತಿಕೊಂಡಾಗ.

ಈಗ ಮೊದಲಿನಿಂದ ಹೇಳುತ್ತೇನೆ. ಎಲಿಜಬೆತ್ ಹುಟ್ಟಿದ್ದು 1815ರಲ್ಲಿ, ನ್ಯೂಯಾರ್ಕ್ ರಾಜ್ಯದ ಜಾನ್ಸ್‌ಟೌನ್‌ನಲ್ಲಿ. ಅಪ್ಪ ಡೇನಿಯಲ್ ಕೇಡಿ ಹೆಸರಾಂತ ವಕೀಲ, ಆಮೇಲೆ ಜಡ್ಜ್. ಹಣವಂತರ ಮನೆ. ಆದರೆ ಆ ಮನೆಯಲ್ಲಿ ಹುಟ್ಟಿದ ಗಂಡುಮಕ್ಕಳು ಒಬ್ಬರೂ ಉಳಿಯಲಿಲ್ಲ. ಕೊನೆಗೆ ಉಳಿದವನು ಇಪ್ಪತ್ತರ ಹುಡುಗ, ಕಾಲೇಜು ಮುಗಿಸಿದ ಹೊಸತರಲ್ಲೇ ಅವನೂ ಹೋದ. ಹನ್ನೊಂದರ ಹುಡುಗಿ ಅಪ್ಪನ ತೊಡೆ ಏರಿ ಸಮಾಧಾನ ಮಾಡಲು ಹೋದಳು. ಆತ ಅವಳನ್ನು ಅಪ್ಪಿಕೊಂಡು, ನೀನು ಗಂಡಾಗಿದ್ದರೆ ಚೆನ್ನಾಗಿತ್ತು ಎಂದ. ಬೈಗುಳ ಅಲ್ಲ, ದುಃಖದಲ್ಲಿ ಬಂದ ಮಾತು. ಆದರೆ ಆಕೆ ಅದನ್ನು ಸಾಯುವವರೆಗೂ ಮರೆಯಲಿಲ್ಲ.

1840ರ ಮೇ ತಿಂಗಳಲ್ಲಿ ಹೆನ್ರಿ ಸ್ಟ್ಯಾಂಟನ್‌ನನ್ನು ಮದುವೆಯಾದಳು. ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಭಾಷಣ ಮಾಡುತ್ತಿದ್ದ ಮನುಷ್ಯ. ಮದುವೆಯ ಪ್ರತಿಜ್ಞೆಯಿಂದ 'ಗಂಡನ ಮಾತಿಗೆ ವಿಧೇಯಳಾಗಿರುತ್ತೇನೆ' ಅನ್ನುವ ಭಾಗವನ್ನು ಆಕೆ ತೆಗೆಸಿದಳು. ಮದುವೆಯಾದ ಕೂಡಲೇ ಇಬ್ಬರೂ ಹೋದದ್ದು ಲಂಡನ್ನಿಗೆ, ಗುಲಾಮಗಿರಿ ವಿರೋಧಿ ಸಮ್ಮೇಳನಕ್ಕೆ. ಅಲ್ಲಿ ಹೆಂಗಸರನ್ನು ಪ್ರತಿನಿಧಿಗಳಾಗಿ ಒಪ್ಪದೆ ಬದಿಗೆ ಕೂರಿಸಿದರು. ಆ ಸಿಟ್ಟು ಒಳಗೇ ಎಂಟು ವರ್ಷ ಕಾದಿತ್ತು. ನಡುವೆ ಮೂರು ಮಕ್ಕಳಾದವು.

ಮೊದಲ ಮಗ ಡೇನಿಯಲ್ 1842ರ ಮಾರ್ಚ್‌ನಲ್ಲಿ ಹುಟ್ಟಿದ. ಮನೆಯಲ್ಲಿ ನೀಲ್ ಎಂದು ಕರೆಯುತ್ತಿದ್ದರು. ಇವನ ಕಥೆಯನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಆಕೆ ಎಂಥ ತಾಯಿ ಅನ್ನುವುದು ಇಲ್ಲೇ ಕಾಣುತ್ತದೆ.

ಬಾಣಂತಿಯನ್ನು, ಕೂಸನ್ನು ನೋಡಿಕೊಳ್ಳಲು ಒಬ್ಬಳು ಅನುಭವಸ್ಥ ದಾದಿಯನ್ನು ಇಟ್ಟಿದ್ದರು. ಹುಟ್ಟಿದ ಮಗುವಿಗೆ ಸೊಂಟದಿಂದ ಬಟ್ಟೆ ಬಿಗಿದು ಸುತ್ತುವುದು ಆಗಿನ ಪದ್ಧತಿ. ಯಾಕೆ ಸುತ್ತಬೇಕು ಎಂದು ಎಲಿಜಬೆತ್ ಕೇಳಿದಳು. ಎಳೆ ಮೂಳೆ, ಕಟ್ಟದಿದ್ದರೆ ಬಿಟ್ಟುಕೊಂಡು ಹೋಗುತ್ತವೆ ಎಂದಳು ದಾದಿ. ಬೆಕ್ಕಿನ ಮರಿ, ನಾಯಿ ಮರಿಗೆ ಯಾರೂ ಬಟ್ಟೆ ಸುತ್ತುವುದಿಲ್ಲ, ಅವು ಗಟ್ಟಿಯಾಗೇ ಇರುತ್ತವಲ್ಲ ಅಂತ ಈಕೆ. ಮಗುವಿಗೆ ಏನಾದರೂ ಆದರೆ ನನ್ನ ಹೆಸರು ಕೆಡುತ್ತದೆ ಅಂತ ಆಕೆ. ದಾದಿ ಬೆಳಿಗ್ಗೆ ಸುತ್ತುವುದು, ಇವಳು ಬಿಚ್ಚುವುದು, ಹೀಗೇ ನಡೆಯಿತು.

ನಾಲ್ಕನೆಯ ದಿನ ಮಗುವಿನ ಕಾಲರ್ ಬೋನ್ ಬಾಗಿರುವುದು ಕಂಡಿತು. ಡಾಕ್ಟರ್ ಬಂದು ಮಣಿಕಟ್ಟಿಗೆ ಸೇರಿಸಿ ಬಿಗಿಯಾಗಿ ಕಟ್ಟು ಹಾಕಿದರು. ಹತ್ತು ದಿನ ಬಿಚ್ಚಬೇಡಿ ಅಂದರು. ಸ್ವಲ್ಪ ಹೊತ್ತಿಗೇ ಮಗುವಿನ ಕೈ ನೀಲಿಗಟ್ಟಿತು. ದಾದಿ ಮುಟ್ಟಲು ಒಪ್ಪಲಿಲ್ಲ, ಎಲಿಜಬೆತ್ ತಾನೇ ಬಿಚ್ಚಿದಳು. ಇನ್ನೊಬ್ಬ ಡಾಕ್ಟರ್ ಬಂದರು. ಮೊದಲನೆಯವರು ಹೀಗೆ ಕಟ್ಟಬಾರದಿತ್ತು ಎಂದು ಹೇಳಿ, ಅದನ್ನೇ ಮಣಿಕಟ್ಟಿನ ಬದಲು ಅಂಗೈಗೆ ಕಟ್ಟಿ ಹೋದರು! ಈ ಸಲ ಬೆರಳ ತುದಿ ನೇರಳೆಯಾಯಿತು. ಅದನ್ನೂ ಬಿಚ್ಚಿದಳು. ಬೆನ್ನಿಗೆ ದಿಂಬು ಇಡಿಸಿಕೊಂಡು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಯೋಚನೆಗೆ ಕೂತಳು. ಬೇಕಾದದ್ದು ಮೂಳೆಯ ಮೇಲೆ ಚೂರು ಒತ್ತಡ. ಅದಕ್ಕೆ ಕೈಯನ್ನು ಯಾಕೆ ಕಟ್ಟಬೇಕು? ಮಡಿಸಿದ ಬಟ್ಟೆಯೊಂದನ್ನು ಆರ್ನಿಕಾ ಎಂಬ ಗಿಡಮೂಲಿಕೆ ಔಷಧಿ ಬೆರೆಸಿದ ನೀರಿನಲ್ಲಿ ಅದ್ದಿ ಮೂಳೆಯ ಮೇಲಿಟ್ಟಳು. ಇನ್ನೆರಡು ಪಟ್ಟಿಗಳನ್ನು ಎರಡೂ ಹೆಗಲ ಮೇಲಿಂದ ತಂದು, ಹಿಂದೆ ಮುಂದೆ ಅಡ್ಡ ಹಾಯಿಸಿ, ಕೆಳಗೆ ಲಂಗೋಟಿಗೆ ಪಿನ್ ಹಾಕಿದಳು. ಪ್ಯಾಂಟಿಗೆ ಹಾಕುವ ಸಸ್ಪೆಂಡರ್ ಇರುತ್ತದಲ್ಲ, ಹಾಗೆ.

ಹತ್ತು ದಿನದ ಮೇಲೆ ಡಾಕ್ಟರುಗಳು ಬಂದು ನೋಡಿ ಎಲ್ಲ ಸರಿಯಾಗಿದೆ ಎಂದರು. ಆಗ ಆಕೆ ನಡೆದದ್ದನ್ನು ಹೇಳಿದಳು. ಒಬ್ಬರು ನಕ್ಕು, ಗಂಡಸಿನ ಬುದ್ಧಿಗಿಂತ ತಾಯಿಯ ಕರುಳೇ ಮೇಲು ಬಿಡಿ ಎಂದರು. ಹೊಗಳಿಕೆಯೇ ಸರಿ, ಬೇರೆಯವರಾಗಿದ್ದರೆ ನಾಚಿಕೊಂಡು ಸುಮ್ನಾಗುತ್ತಿದ್ದರು. ಈಕೆ ಬಿಡಲಿಲ್ಲ. ಇದರಲ್ಲಿ ಕರುಳಿನ ಮಾತೇ ಇಲ್ಲ ಸ್ವಾಮಿ, ರಕ್ತ ಓಡಾಟ ನಿಲ್ಲದ ಹಾಗೆ ಒತ್ತಡ ಹೇಗೆ ಕೊಡುವುದು ಎಂದು ಕೂತು ಯೋಚನೆ ಮಾಡಿದೆ, ಅಷ್ಟೇ ಎಂದಳು. ನನ್ನನ್ನು ಕೇಳಿದರೆ ಆಕೆಯ ಮುಂದಿನ ಐವತ್ತು ವರ್ಷದ ಭಾಷಣಗಳೆಲ್ಲ ಈ ಉತ್ತರದಲ್ಲೇ ಇವೆ.

ಬಾಣಂತನದ ಮಾತಿಗೆ ಬರೋಣ. ಅಮೆರಿಕದಲ್ಲಿ ಹೆತ್ತ ಮಾರನೇ ದಿನವೇ ಎದ್ದು ಓಡಾಡುತ್ತಾರಂತೆ ಎಂದು ನಮ್ಮಲ್ಲಿ ಬೆರಗಿನಿಂದ ಹೇಳುವುದುಂಟು. ಆ ಕಾಲಕ್ಕೆ ಅದು ನಿಜವಲ್ಲ. ಅನುಕೂಲವಿದ್ದ ಮನೆಗಳಲ್ಲಿ ಬಾಣಂತಿ ವಾರಗಟ್ಟಲೆ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಎಲಿಜಬೆತ್ ಅದಕ್ಕೆ ಹೊರತು. 1852ರ ಅಕ್ಟೋಬರಿನಲ್ಲಿ ಮಗಳು ಮಾರ್ಗರೆಟ್ ಹುಟ್ಟಿದಾಗ ಆಕೆ ಗೆಳತಿ ಲುಕ್ರೀಷಿಯಾ ಮಾಟ್‌ಗೆ ಬರೆದ ಪತ್ರ ನೋಡಿ. ಹಿಂದಿನ ರಾತ್ರಿ ಸುಮಾರು ಮೂರು ಮೈಲಿ ನಡೆದು, ಅಂಗಡಿ ಸಾಮಾನು ತಂದು, ಐದು ಮನೆಗೆ ಹೋಗಿ ಮಾತಾಡಿಸಿಕೊಂಡು ಬಂದಿದ್ದಳು. ಬೆಳಿಗ್ಗೆ ಆರಕ್ಕೆ ನೋವು. ಎದ್ದು ಸ್ನಾನ ಮಾಡಿ, ತಿಂಡಿ ಬೇಗ ಮಾಡಿಸಿ, ನೋವಿನ ನಡುನಡುವೆ ಮನೆಯೆಲ್ಲ ಸರಿಮಾಡಿದಳು. ಒಂಬತ್ತೂವರೆವರೆಗೆ ಕೂರಲೂ ಇಲ್ಲ, ಮಲಗಲೂ ಇಲ್ಲ. ಹತ್ತಕ್ಕೆ ಮಗು ಹುಟ್ಟಿತು. ಡಾಕ್ಟರ್ ಇಲ್ಲ, ಇದ್ದವರು ದಾದಿ ಮತ್ತು ಮನೆವಾರ್ತೆ ನೋಡುತ್ತಿದ್ದ ಅಮೇಲಿಯಾ. ಗಂಡ ಸಿರಕ್ಯೂಸ್ ಊರಲ್ಲಿದ್ದ. ಇಪ್ಪತ್ನಾಲ್ಕು ಗಂಟೆ ಆದ ಮೇಲೆ ತಣ್ಣೀರಲ್ಲಿ ಮಿಂದು, ಜಗಲಿಯಲ್ಲಿ ಓಡಾಡಿ, ಗಾಡಿ ಹತ್ತಿ ಹಲಗೆ ಹಾಸಿದ ರಸ್ತೆಯಲ್ಲಿ ಮೂರು ಮೈಲಿ ಸುತ್ತಿ ಬಂದಳು. ಬಟ್ಟೆ ಸಮೇತ ಕೂಸಿನ ತೂಕ 12 ಪೌಂಡ್, ಅಂದರೆ ಐದು ಕಿಲೋ ದಾಟಿತ್ತು.

ತಣ್ಣೀರು ಅಂದ ಕೂಡಲೇ ನಮ್ಮ ಅಜ್ಜಿಯರು ಕಿವಿ ಮುಚ್ಚಿಕೊಳ್ಳುತ್ತಿದ್ದರು, ಅಲ್ವಾ? ಆಕೆಯ ನೆರೆಹೊರೆಯವರ ಅಭಿಪ್ರಾಯವೂ ಹೆಚ್ಚು ಬೇರೆ ಇದ್ದಿರಲಾರದು. ಆದರೆ ಹೆರುವುದು ಕಾಯಿಲೆಯಲ್ಲ ಎಂದು ತೋರಿಸುವ ಹಟ ಆಕೆಗೆ. ಹೆತ್ತದ್ದನ್ನು ಮುಚ್ಚಿಡುವುದು ಮರ್ಯಾದೆ ಅನ್ನುವ ಕಾಲದಲ್ಲಿ, ಮಗು ಹುಟ್ಟಿದರೆ ಮನೆ ಮುಂದೆ ಬಾವುಟ ಹಾರಿಸುತ್ತಿದ್ದಳು. ಗಂಡಾದರೆ ಕೆಂಪು, ಹೆಣ್ಣಾದರೆ ಬಿಳಿ.

ಹಾಗೆಂದು ಪ್ರತಿ ಹೆರಿಗೆಯೂ ಹೀಗಾಗಲಿಲ್ಲ. ಕೊನೆಯ ಮಗ ರಾಬರ್ಟ್ 1859ರಲ್ಲಿ ಹುಟ್ಟಿದಾಗ ಆಕೆಗೆ 43 ವರ್ಷ. ಇಷ್ಟು ನರಳಿದ್ದು ಯಾವತ್ತೂ ಇಲ್ಲ, ಮೂರು ವಾರ ಆದರೂ ಮೈಯಲ್ಲಿ ಶಕ್ತಿಯಿಲ್ಲ ಎಂದು ಬರೆದಳು. ಮೊದಲಿನ ಜಂಬದ ಪತ್ರಗಳನ್ನು ಓದುವವರು ಇದನ್ನೂ ಜೊತೆಗಿಟ್ಟು ಓದಬೇಕು.

ಇನ್ನು ಮನೆ. ಮೊದಲು ಬಾಸ್ಟನ್ ಪಕ್ಕದ ಚೆಲ್ಸಿಯಲ್ಲಿ ಇದ್ದರು. ಹೊಸ ಮನೆ, ಒಳ್ಳೆಯ ಆಳುಗಳು, ಸಂಜೆ ಹೋದರೆ ಭಾಷಣ, ನಾಟಕ. ಆಗ ಮನೆವಾರ್ತೆ ಅಂದರೆ ಆಕೆಗೆ ಆಟದ ಹಾಗಿತ್ತು. 1847ರಲ್ಲಿ ಹೆನ್ರಿಯ ಆರೋಗ್ಯಕ್ಕೆಂದು ಸೆನೆಕಾ ಫಾಲ್ಸ್ ಎಂಬ ಚಿಕ್ಕ ಊರಿಗೆ ಬಂದರು. ಮನೆ ಅಪ್ಪ ಕೊಟ್ಟದ್ದು, ಮಗಳ ಹೆಸರಿಗೇ. ಹಲವು ವರ್ಷ ಬೀಗ ಬಿದ್ದ ಮನೆ, ಸುತ್ತ ಕಳೆ. ಅಪ್ಪ ನಗುತ್ತಾ ಒಂದು ಚೆಕ್ ಕೈಗಿಟ್ಟು, ಹೆಂಗಸರು ಎಲ್ಲ ಮಾಡಬಲ್ಲರು ಅನ್ನುತ್ತೀಯಲ್ಲ, ಹೋಗಿ ರಿಪೇರಿ ಮಾಡಿಸಿಕೋ ಅಂದ. ಬಡಗಿ, ಬಣ್ಣದವರು, ತೋಟದವರನ್ನೆಲ್ಲ ಕರೆಸಿ ಮಾಡಿಸಿಯೂ ಮಾಡಿಸಿದಳು.

ಆಮೇಲೆ ಶುರುವಾಯಿತು. ಊರ ಹೊರಗಿನ ಮನೆ, ಕೆಸರು ರಸ್ತೆ, ಗಂಡ ಸದಾ ಊರಿಂದಾಚೆ, ಕೆಲಸದವರು ನಿಲ್ಲುವುದಿಲ್ಲ. ಆ ಪ್ರದೇಶದಲ್ಲಿ ಮಲೇರಿಯಾ. ಮಕ್ಕಳಿಗೂ ಆಳುಗಳಿಗೂ ಒಟ್ಟಿಗೆ ಚಳಿಜ್ವರ ಹಿಡಿದು ಮೂರು ತಿಂಗಳು ಬಿಡಲಿಲ್ಲ. ಮನೆ ಅಸ್ತವ್ಯಸ್ತವಾಗಿ ಬಿದ್ದಿರುವಾಗ ಹೆಂಗಸರು ಸುಮ್ನೆ ಕೂತಿರುವುದು ಹೇಗೆ ಸಾಧ್ಯ ಎಂಬುದು ನನಗೆ ಆಗ ಅರ್ಥವಾಯಿತು ಎಂದು ಆಕೆ ಬರೆದಿದ್ದಾಳೆ. ಈ ಮಾತು ನನಗೆ ತುಂಬಾ ಇಷ್ಟ. ಅಲ್ಲಿಯವರೆಗೆ ಆಕೆಯೂ ಅಂಥ ಹೆಂಗಸರನ್ನು ಸೋಮಾರಿಗಳು ಅಂದುಕೊಂಡಿದ್ದಳು ಅಂತ ಕಾಣುತ್ತದೆ.

1848ರ ಜುಲೈ 9ರಂದು ಪಕ್ಕದ ವಾಟರ್‌ಲೂ ಊರಲ್ಲಿ ಲುಕ್ರೀಷಿಯಾ ಮಾಟ್ ಜೊತೆ ಚಹಾ ಕುಡಿಯುತ್ತಾ ಆಕೆ ಇದನ್ನೆಲ್ಲ ಹೊರಹಾಕಿದಳು. ಹತ್ತೇ ದಿನದಲ್ಲಿ, ಜುಲೈ 19 ಮತ್ತು 20ರಂದು, ಸೆನೆಕಾ ಫಾಲ್ಸಿನ ವೆಸ್ಲಿಯನ್ ಚಾಪೆಲ್‌ನಲ್ಲಿ ಅಮೆರಿಕದ ಮೊದಲ ಮಹಿಳಾ ಹಕ್ಕುಗಳ ಸಮ್ಮೇಳನ ನಡೆಯಿತು. ಸುಮಾರು 300 ಜನ ಸೇರಿದರು. ಘೋಷಣೆಗೆ ಸಹಿ ಹಾಕಿದವರು 100 ಜನ, 68 ಹೆಂಗಸರು, 32 ಗಂಡಸರು. ಆಗ ಮನೆಯಲ್ಲಿ ಆರು, ನಾಲ್ಕು ಮತ್ತು ಎರಡು ವರ್ಷದ ಮೂವರು ಹುಡುಗರು. ಹೆನ್ರಿ ಊರಲ್ಲಿರಲಿಲ್ಲ.

ಆ ಹುಡುಗರ ಪುಂಡಾಟ ಬೇರೆ. ಒಬ್ಬನಿಗೆ ಮುಳುಗದ ಹಾಗೆ ತೇಲಿಸುವ ಸಾಧನ ಮಾಡುವ ಹುಚ್ಚು. ಬೆಂಡಿನ ಬಿರಡೆಗಳನ್ನು ಪೋಣಿಸಿ, ಒಂದೂವರೆ ವರ್ಷದ ತಮ್ಮನಿಗೆ ಕಟ್ಟಿ ನದಿಗೆ ಬಿಟ್ಟ! ಎತ್ತಿದಾಗ ಕೂಸು ನೀಲಿ ಬಣ್ಣಕ್ಕೆ ತಿರುಗಿ ಕಪ್ಪೆಯ ಹಾಗೆ ತಣ್ಣಗಾಗಿತ್ತಂತೆ. ಮಾರನೇ ದಿನ ಅದೇ ಕೂಸು ಮನೆಯ ಮಾಡಿನ ತುತ್ತತುದಿಯಲ್ಲಿ, ಹೊಗೆಗೂಡಿನ ಮೇಲೆ ಕೂತಿರುವುದನ್ನು ದಾರಿಹೋಕ ಗೆಳೆಯರೊಬ್ಬರು ಕಂಡು ಇಳಿಸಿದರು. ಹೊಡೆಯುವುದು ಬಡಿಯುವುದರಲ್ಲಿ ಎಲಿಜಬೆತ್‌ಗೆ ನಂಬಿಕೆ ಇರಲಿಲ್ಲ. ಬಂಧುಗಳಿಗೆ ಇದು ಸಡಿಲ ಅನ್ನಿಸಿದರೆ ತಪ್ಪೇನೂ ಇಲ್ಲ.

ಹಾಗಾದರೆ ಬರೆಯಲು ಹೊತ್ತು ಸಿಕ್ಕಿದ್ದು ಯಾವಾಗ? 1851ರಲ್ಲಿ ಇಬ್ಬರು ಹೆಂಗಸರು ಆ ಮನೆಗೆ ಬಂದರು. ಒಬ್ಬಳ ಹೆಸರು ಜಗತ್ತಿಗೇ ಗೊತ್ತು, ಹೆಂಗಸರ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥನಿ. ಇನ್ನೊಬ್ಬಳು ಅಮೇಲಿಯಾ ವಿಲ್ಲರ್ಡ್, ಮನೆವಾರ್ತೆಗೆ ಬಂದ ಹುಡುಗಿ. ಮೂವತ್ತು ವರ್ಷ ಆ ಸಂಸಾರದ ಜೊತೆ ಇದ್ದಳು. ಅಡುಗೆ, ಹೊಲಿಗೆ, ಕಾಯಿಲೆ ಕಸಾಲೆ, ಎಲ್ಲ ಆಕೆಯದೇ. ನನ್ನ ಮಕ್ಕಳಿಗೆ ಎರಡನೇ ತಾಯಿ, ಈಕೆ ಇಲ್ಲದಿದ್ದರೆ ನನ್ನ ಹೊರಗಿನ ಕೆಲಸ ನಡೆಯುತ್ತಲೇ ಇರಲಿಲ್ಲ ಎಂದು ಎಲಿಜಬೆತ್ ಒಪ್ಪಿಕೊಂಡಿದ್ದಾಳೆ. ನೀವು ಮಕ್ಕಳಿಗೆ ಪಾಠ ಮಾಡುವಾಗ ಸೂಸನ್ ಹೆಸರಿನ ಜೊತೆ ಅಮೇಲಿಯಾ ಹೆಸರನ್ನೂ ಬೋರ್ಡಿನ ಮೇಲೆ ಬರೆಯಿರಿ, ಮೇಡಂ.

ಸೂಸನ್ ಮದುವೆಯಾದವಳಲ್ಲ. ಅಂಕಿ ಅಂಶ ಕಲೆಹಾಕುವುದು, ಹಾಲ್ ಗೊತ್ತು ಮಾಡುವುದು, ಊರೂರು ಅಲೆಯುವುದು ಅವಳ ಪಾಲು. ಬರೆಯುವುದು ಎಲಿಜಬೆತ್ ಪಾಲು. 1856ರ ಜೂನ್‌ನಲ್ಲಿ ಸೂಸನ್‌ಗೆ ಒಂದು ಭಾಷಣ ಬೇಕಾಯಿತು, ಹುಡುಗ ಹುಡುಗಿಯರು ಒಟ್ಟಿಗೆ ಓದುವ ವಿಷಯ. ಒಂದು ಕೂಸು ಮಡಿಲಲ್ಲಿ, ಇನ್ನೊಂದು ಕಾಲಬುಡದಲ್ಲಿ, ನಾಲ್ಕು ಹುಡುಗರು ಅಮ್ಮಾ ಅಮ್ಮಾ ಎಂದು ಕೂಗುತ್ತಿದ್ದರೂ ಸರಿ, ದಯವಿಟ್ಟು ಬರೆದುಕೊಡು ಎಂದು ಗೋಗರೆದಳು. ಎಲಿಜಬೆತ್ ಉತ್ತರ ಚೊಕ್ಕ: ಇಲ್ಲಿಗೆ ಬಾ, ನೀನು ಕೂಸು ಎತ್ತಿಕೊಂಡು ಪುಡ್ಡಿಂಗ್ ಮಾಡು, ನಾನು ಬರೆಯುತ್ತೇನೆ. ಅದೇ ಪತ್ರದಲ್ಲಿ, ಈ ಎರಡು ಕೋಣೆಗಳಲ್ಲಿ ಬೋನಿಗೆ ಬಿದ್ದ ಸಿಂಹಿಣಿಯ ಹಾಗೆ ಅತ್ತಿಂದಿತ್ತ ಸುತ್ತುತ್ತಿದ್ದೇನೆ ಎಂದೂ ಬರೆದಿದ್ದಾಳೆ. ಆಗ ಮಗಳು ಹ್ಯಾರಿಯಟ್‌ಗೆ ಇನ್ನೂ ಐದು ತಿಂಗಳು ತುಂಬಿರಲಿಲ್ಲ.

ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇತ್ತು, ಬೇಕಾದಷ್ಟಿತ್ತು. ಬೇಸರವೂ ಇತ್ತು. ಎರಡೂ ಒಂದೇ ಮನಸ್ಸಿನಲ್ಲಿ ಇರುತ್ತವೆ ಅನ್ನುವುದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬಟ್ಟೆಯ ವಿಷಯ ಒಂದಿದೆ, ಬಿಡಲು ಮನಸ್ಸಾಗುತ್ತಿಲ್ಲ. ಆಗಿನ ಹೆಂಗಸರ ಉಡುಪು ನೆಲ ಗುಡಿಸುವಷ್ಟು ಉದ್ದ. ಸೋದರ ಸಂಬಂಧಿ ಎಲಿಜಬೆತ್ ಸ್ಮಿತ್ ಮಿಲ್ಲರ್ ಮೊಣಕಾಲಿನವರೆಗಿನ ಲಂಗ, ಕೆಳಗೆ ಸಡಿಲ ಪೈಜಾಮ ಹಾಕಿಕೊಂಡು ಮನೆಗೆ ಬಂದಳು. ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಕೂಸು, ಸರಸರ ಮಹಡಿ ಹತ್ತಿದಳು. ನನಗೋ ಲಂಗ ಎತ್ತಿ ಹಿಡಿದು ಹತ್ತುವುದೇ ಕಷ್ಟ, ದೀಪ ಕೂಸಿನ ಮಾತೆಲ್ಲಿ ಎಂದು ಎಲಿಜಬೆತ್‌ಗೆ ಅನ್ನಿಸಿತು. ತಾನೂ ಸುಮಾರು ಎರಡು ವರ್ಷ ಅದನ್ನೇ ಹಾಕಿದಳು. ಬೀದಿಯಲ್ಲಿ ಹುಡುಗರು ಕೂಗಿದರು, ಅಪ್ಪ ಸಿಟ್ಟಾದ. ಹಾಸ್ಟೆಲಿನಲ್ಲಿದ್ದ ಮಗನೇ, ಆ ಬಟ್ಟೆಯಲ್ಲಿ ನನ್ನನ್ನು ನೋಡಲು ಬರಬೇಡಮ್ಮ ಎಂದು ಬರೆದ. ಕೊನೆಗೆ ಬಿಟ್ಟಳು.

ಹೆನ್ರಿ ಬಗ್ಗೆ ಕೇಳಿದ್ದೀರಿ. ಕೆಟ್ಟವನಲ್ಲ. ರಾಜಕೀಯ, ಪತ್ರಿಕೆ, ವಕೀಲಿ ಎಂದು ವರ್ಷದ ಬಹುಪಾಲು ಮನೆಯಲ್ಲೇ ಇರುತ್ತಿರಲಿಲ್ಲ. ನೀನು ಸೂಸನ್‌ಳನ್ನು ಕಲಕುತ್ತೀಯ, ಅವಳು ಜಗತ್ತನ್ನು ಕಲಕುತ್ತಾಳೆ ಎಂದು ಹೆಂಡತಿಗೆ ತಮಾಷೆ ಮಾಡುವಷ್ಟು ರಸಿಕ. ಆದರೆ ಆಕೆ ವೇದಿಕೆ ಹತ್ತುವುದು ಅವನಿಗೆ ಹಿಡಿಸಲಿಲ್ಲ. 1855ರಲ್ಲಿ ಅಪ್ಪ ಇದೇ ವಿಷಯಕ್ಕೆ ಗದರಿದಾಗ ಹೆನ್ರಿಯೂ ಅಪ್ಪನ ಕಡೆಗೇ ನಿಂತ. ನಾನು ಗಂಡಾಗಿದ್ದರೆ ಅಪ್ಪ ಯಾವುದಕ್ಕೆ ಹೆಮ್ಮೆ ಪಡುತ್ತಿದ್ದನೋ, ಹೆಣ್ಣಾದದ್ದಕ್ಕೆ ಅದೇ ಅವನಿಗೆ ಅವಮಾನ ಎಂದು ಆಕೆ ಸೂಸನ್‌ಗೆ ಕುದಿದು ಬರೆದಳು.

ಕಾನೂನೂ ಗಂಡನ ಕಡೆಗೇ ಇತ್ತು. ಮಕ್ಕಳು ಅಪ್ಪನ ಸ್ವತ್ತು. ತಾಯಿ ಬದುಕಿದ್ದರೂ ಅಪ್ಪ ಉಯಿಲು ಬರೆದು ಮಕ್ಕಳನ್ನು ಬೇರೆಯವರ ಸುಪರ್ದಿಗೆ ಕೊಡಬಹುದಿತ್ತು. ಹೆಂಡತಿಯ ದುಡಿಮೆಯ ಹಣವೂ ಗಂಡನದೇ. ನ್ಯೂಯಾರ್ಕ್ 1848ರ ಏಪ್ರಿಲ್‌ನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಆಸ್ತಿಯ ಮೇಲೆ ಹಕ್ಕು ಕೊಟ್ಟಿತು. 1860ರ ಮಾರ್ಚ್‌ನಲ್ಲಿ ಎಲಿಜಬೆತ್ ಆ ರಾಜ್ಯದ ರಾಜಧಾನಿ ಆಲ್ಬನಿಗೆ ಹೋಗಿ ಶಾಸಕರ ಮುಂದೆ ಮಾತಾಡಿದಳು. ಆ ತಿಂಗಳು ಬಂದ ಕಾನೂನು ಹೆಂಡತಿಯ ಸಂಬಳವನ್ನು ಅವಳದೇ ಎಂದಿತು, ಮಕ್ಕಳ ಮೇಲೆ ತಾಯಿಗೂ ಸಮಪಾಲು ಕೊಟ್ಟಿತು. 1862ರಲ್ಲಿ ಆ ಸಮಪಾಲನ್ನು ಮತ್ತೆ ಕಿತ್ತುಕೊಂಡರು.

ಆಗಿನ ಅಮ್ಮಂದಿರೆಲ್ಲ ಹೀಗೇ ಇದ್ದರಾ ಅಂದಿರಿ. ಇಲ್ಲ. 1800ರ ಹೊತ್ತಿಗೆ ಅಮೆರಿಕದ ಬಿಳಿಯ ಹೆಂಗಸರಿಗೆ ಸರಾಸರಿ ಏಳು ಮಕ್ಕಳು, 1900ರ ಹೊತ್ತಿಗೆ ಮೂರೂವರೆ. ಅಂದರೆ ಏಳು ಎಲಿಜಬೆತ್‌ಳ ತಲೆಮಾರಿಗೆ ಸ್ವಲ್ಪ ಜಾಸ್ತಿಯೇ. ಅಪರೂಪವೆಂದರೆ ಏಳಕ್ಕೆ ಏಳೂ ಬೆಳೆದು ದೊಡ್ಡವರಾದರು. ಅಪ್ಪ ಕೊಟ್ಟ ಮನೆ, ಹಣ, ಕೆಲಸಕ್ಕೆ ಅಮೇಲಿಯಾ, ಇವು ಎಲ್ಲರಿಗೂ ಎಲ್ಲಿಂದ ಬರಬೇಕು?

ಗುಲಾಮಳಾಗಿದ್ದ ತಾಯಿಗಂತೂ ಮಗುವೇ ತನ್ನದಲ್ಲ, ಯಜಮಾನನದು. ನಾರ್ತ್ ಕ್ಯಾರೊಲಿನಾದ ಈಡೆಂಟನ್ ಊರಲ್ಲಿ ಹ್ಯಾರಿಯಟ್ ಜೇಕಬ್ಸ್ ಎಂಬಾಕೆ ಯಜಮಾನನ ಕಾಟಕ್ಕೆ ತಪ್ಪಿಸಿಕೊಂಡು, ಅಜ್ಜಿಯ ಮನೆಯ ಅಟ್ಟದಲ್ಲಿ ಸುಮಾರು ಏಳು ವರ್ಷ ಅಡಗಿ ಕೂತಳು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ, ಎತ್ತರ ಹೆಚ್ಚೆಂದರೆ ಮೂರು ಅಡಿ. ನೆಟ್ಟಗೆ ನಿಲ್ಲಲೂ ಆಗದು. ಗೋಡೆಯಲ್ಲಿ ತೂತು ಕೊರೆದು, ಕೆಳಗೆ ಆಡುವ ತನ್ನ ಇಬ್ಬರು ಮಕ್ಕಳನ್ನು ನೋಡುತ್ತಿದ್ದಳು. ಅಮ್ಮ ತಲೆಯ ಮೇಲೇ ಇದ್ದಾಳೆಂದು ಹೇಳುವ ಹಾಗಿಲ್ಲ. ಆಕೆ ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳಿಗೆ ಪಾರಾದದ್ದು 1842ರಲ್ಲಿ, ಎಲಿಜಬೆತ್ ಮಗುವಿನ ಕಾಲರ್ ಬೋನಿಗೆ ಪಟ್ಟಿ ಕಟ್ಟಿದ ಅದೇ ವರ್ಷ.

ಮುಂದಿನದು ಬೇಗ ಹೇಳುತ್ತೇನೆ. 1862ರಲ್ಲಿ ಸಂಸಾರ ಸೆನೆಕಾ ಫಾಲ್ಸ್ ಬಿಟ್ಟು ನ್ಯೂಯಾರ್ಕ್ ನಗರದ ಕಡೆಗೆ ಹೋಯಿತು. 1869ರಿಂದ ಹನ್ನೆರಡು ವರ್ಷ ಎಲಿಜಬೆತ್ ರೈಲಿನಲ್ಲಿ ದೇಶ ಸುತ್ತುತ್ತಾ ಹಣಕ್ಕೆ ಭಾಷಣ ಮಾಡಿದಳು, ವರ್ಷದಲ್ಲಿ ಎಂಟು ತಿಂಗಳು. ಮಕ್ಕಳ ಕಾಲೇಜು ಫೀಸು ಕಟ್ಟಬೇಕಿತ್ತು. ಈಗ ಮನೆ ಬಿಟ್ಟು ತಿರುಗುವ ಸರದಿ ಆಕೆಯದಾಗಿತ್ತು. ಮಾರ್ಗರೆಟ್ ಮತ್ತು ಹ್ಯಾರಿಯಟ್ ಇಬ್ಬರೂ ವಾಸರ್ ಕಾಲೇಜಿನಲ್ಲಿ ಓದಿದರು, 1876 ಮತ್ತು 1878ರಲ್ಲಿ ಪದವಿ ಪಡೆದರು. ಕೊನೆಯ ವರ್ಷಗಳಲ್ಲಿ ಮಾರ್ಗರೆಟ್ ಮತ್ತು ರಾಬರ್ಟ್ ಜೊತೆ ನ್ಯೂಯಾರ್ಕಿನ ಒಂದು ಫ್ಲ್ಯಾಟಿನಲ್ಲಿದ್ದಳು. 1902ರ ಅಕ್ಟೋಬರ್ 26ರಂದು ತೀರಿಕೊಂಡಳು. ಸಾಯುವುದಕ್ಕೆ ಸ್ವಲ್ಪ ಮುಂಚೆ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಮತದ ಹಕ್ಕಿನ ಬಗ್ಗೆ ಒಂದು ಪತ್ರ ಬರೆಸಿದ್ದಳು. ಹಕ್ಕು ಬಂದದ್ದು 1920ರಲ್ಲಿ. ಅದಕ್ಕಾಗಿ ನ್ಯೂಯಾರ್ಕಿನ ಬೀದಿಗಳಲ್ಲಿ ದೊಡ್ಡ ಮೆರವಣಿಗೆಗಳನ್ನು ನಡೆಸಿದವಳು ಮಗಳು ಹ್ಯಾರಿಯಟ್. ಸಿಂಹಿಣಿ ಬೋನಿನಲ್ಲಿ ಸುತ್ತುತ್ತಿದ್ದಾಗ ತೊಟ್ಟಿಲಲ್ಲಿ ಮಲಗಿದ್ದ ಕೂಸು.